ಸಂಸಾರದೊಡನೆ ನಗರಪ್ರವಾಸ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕೋಶವನ್ನು ಓದುವುದಕ್ಕೆ ಒಬ್ಬನಿದ್ದರೆ ಸಾಕು; ದೇಶವನ್ನು ಸುತ್ತಲು ಹೊರಟ ಗೃಹಸ್ಥನ ಹಿಂದೆ ಮಾತ್ರ ಹೆಂಡತಿ, ಮಕ್ಕಳು, ವೃದ್ಧರಾದ ತಾಯಿ, ನೀರಿನ ಸೀಸೆ, ಔಷಧದ ಪೊಟ್ಟಣ, ಇವೆಲ್ಲವೂ ಹೊರಡುತ್ತವೆ. ಗಾದೆಯನ್ನು ಮಾಡಿದವರು ಈ ಪರಿವಾರವನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ತೋರುವುದಿಲ್ಲ. ಇಂಥ ಪರಿವಾರದೊಡನೆ ಒಂದು ನಗರಕ್ಕೆ ಹೋಗಿ, ಎರಡು ದಿನವಿದ್ದು, ನೋಡತಕ್ಕುದನ್ನು ನೋಡಿ, ಹೋಟಲಿನಲ್ಲಿ ಉಂಡು, ಸಾಲಮಾಡದೆ ಹಿಂದಿರುಗುವುದು ಹೇಗೆಂಬುದೇ ಈ ಹೊತ್ತು ನಾನು ತಮ್ಮ ಮುಂದೆ ಇಡಬೇಕೆಂದಿರುವ ವಿಷಯ. ಬರಿಯ ಸೂತ್ರಗಳನ್ನು ಹೇಳಿದರೆ ಪ್ರಯೋಜನವಿಲ್ಲ. ಆದುದರಿಂದ ಬೆಂಗಳೂರಿನಿಂದ ಮೈಸೂರಿಗೆ ಹೋಗಿಬರುವ ಐವರ ಸಂಸಾರವೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುವುದು ಒಳ್ಳೆಯದು. ಕೆಲವು ವರ್ಷಗಳ ಹಿಂದೆ ನಾನು ಸಂಸಾರಸಮೇತನಾಗಿ ಮೈಸೂರಿಗೆ ಹೋದೆನು. ಒಂದು ದಿನದ ಬಾಡಿಗೆಗೆ ಕಾರು ಗೊತ್ತುಮಾಡಿದ್ದಾಗಿತ್ತು. ಕೊಟ್ಟ ಬಾಡಿಗೆ ವ್ಯರ್ಥವಾಗಬಾರದೆಂಬ ಹಟದಿಂದ ಎಂಟು ಸ್ಥಳಗಳ ಪಟ್ಟಿಯೊಂದನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೆನು. ಹೋಟಲಿನ ಖರ್ಚನ್ನು ಉಳಿಸುವುದಕ್ಕಾಗಿ ನನ್ನ ಹೆಂಡತಿ ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಚಪಾತಿ, ಪುಳಿಯೋಗರೆ, ಮೊಸರನ್ನಗಳನ್ನು ಮಾಡಿ ಡಬ್ಬಿಗಳಲ್ಲಿ ತುಂಬಿದ್ದಳು. ನಾಲ್ಕನೆಯ ಸ್ಥಳದಿಂದ ಮುಂದೆ ನಮ್ಮ ತಾಯಿಯವರು ಕಾರಿನಿಂದ ಇಳಿಯಲೇ ಇಲ್ಲ. "ನೀವು ನೋಡಿಕೊಂಡು ಬನ್ನಿ, ನಾನಿಲ್ಲೇ ಇರುತ್ತೇನೆ" ಎಂದು ಒಳಗೇ ಕುಳಿತರು. ಮಗಳ ಅಳುವನ್ನು ನಿಲ್ಲಿಸಲು ಮೂರು ಆಟಿಕೆಗಳನ್ನು ಕೊಂಡದ್ದಾಯಿತು. ಬೃಂದಾವನದ ಕಾರಂಜಿಗಳ ಮುಂದೆ ಕಿರಿಯ ಮಗ ನನ್ನ ಹೆಗಲ ಮೇಲೆ ನಿದ್ದೆಹೋದನು. ರಾತ್ರಿ ಎಲ್ಲರೂ ಸೋತು, ಹಿಂದಿರುಗುವ ದಾರಿಯಲ್ಲಿ ಮೊದಲು ಕಂಡ ದೊಡ್ಡ ಹೋಟಲೊಂದನ್ನು ಹೊಕ್ಕು, ಯಾರೂ ಸರಿಯಾಗಿ ಉಣ್ಣದ ಊಟಕ್ಕೆ ಕೈತುಂಬ ಹಣ ತೆತ್ತೆವು. ಮನೆಗೆ ಬಂದ ಮೇಲೆ ಡಬ್ಬಿಗಳನ್ನು ತೊಳೆಯುತ್ತ ಹೆಂಡತಿ ಒಂದು ಮಾತು ಹೇಳಿದಳು: "ಮೈಸೂರಿಗೆ ಹೋಗಿಬಂದದ್ದು ನೀವು, ನಾನು ಅಡಿಗೆಮನೆಯನ್ನು ಹೊತ್ತುಕೊಂಡು ತಿರುಗಿದೆ, ಅಷ್ಟೆ."

ಮರುದಿನ ಖರ್ಚಿನ ಚೀಟಿಗಳನ್ನು ಮುಂದಿಟ್ಟುಕೊಂಡು ಕುಳಿತಾಗ ನನಗೊಂದು ವಿಷಯ ಸ್ಪಷ್ಟವಾಯಿತು. ಮೊದಲೇ ಎಣಿಸಿದ್ದ ಖರ್ಚು ಎಣಿಸಿದಷ್ಟೇ ಆಗಿತ್ತು. ಎಣಿಸದೆ ಆದ ಖರ್ಚೆಲ್ಲವೂ ದಣಿವಿನ ಬೆಲೆಯಾಗಿತ್ತು. ಆಟಿಕೆಗಳು ಮಗುವಿನ ದಣಿವಿಗೆ, ದುಬಾರಿಯ ಊಟ ದೊಡ್ಡವರ ದಣಿವಿಗೆ, ನಾಲ್ಕು ಕಡೆ ಕೊಂಡ ತಂಪುಪಾನೀಯ ಎಲ್ಲರ ದಣಿವಿಗೆ. ದಣಿದ ಮನುಷ್ಯನು ಬೆಲೆ ಕೇಳುವುದಿಲ್ಲ. ಕೇಳಿದರೂ ಎದ್ದು ಮುಂದಿನ ಅಂಗಡಿಗೆ ಹೋಗಲಾರನು. ಪ್ರವಾಸದಲ್ಲಿ ಮಿತವ್ಯಯವೆಂದರೆ ಮೊದಲು ಶಕ್ತಿಯ ಮಿತವ್ಯಯ. ಅದನ್ನು ಉಳಿಸಿದರೆ ಹಣ ಬಹುಮಟ್ಟಿಗೆ ತಾನಾಗಿಯೇ ಉಳಿಯುತ್ತದೆ. ಸಂಸಾರದ ಶಕ್ತಿಯನ್ನು ಅಳೆಯಬೇಕಾದದ್ದು ಯಜಮಾನನ ಕಾಲಿನಿಂದಲ್ಲ, ಎಲ್ಲರಿಗಿಂತ ಬೇಗ ಸೋಲುವವರ ಕಾಲಿನಿಂದ. ನಾನು ಹೇಳುವ ಉಳಿದ ಮಾತುಗಳೆಲ್ಲವೂ ಇದರಿಂದಲೇ ಹೊರಡುತ್ತವೆ.

ಮುಂದಿನ ವರ್ಷ ನಾವು ಮತ್ತೆ ಮೈಸೂರಿಗೆ ಹೋದೆವು. ಈ ಸಲ ಸ್ಥಳಗಳ ಪಟ್ಟಿಯನ್ನು ನಾನು ಬರೆಯಲಿಲ್ಲ. ಒಂದು ಸಂಜೆ ಎಲ್ಲರನ್ನೂ ಕೂಡಿಸಿ, ಒಬ್ಬೊಬ್ಬರೂ ಒಂದೇ ಒಂದನ್ನು ಹೇಳಬೇಕೆಂದು ಕೇಳಿದೆನು. ತಾಯಿಯವರು ಚಾಮುಂಡೇಶ್ವರಿಯ ದರ್ಶನವೆಂದರು. ಮಗ ಮೃಗಾಲಯವೆಂದನು. ಮಗಳು ಅರಮನೆಯ ದೀಪಗಳೆಂದಳು. ನಾನು ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ಹೇಳಿದೆನು. ಹೆಂಡತಿ ಸ್ವಲ್ಪ ಹೊತ್ತು ಯೋಚಿಸಿ, "ಎರಡು ದಿನ ನಾನು ಒಲೆ ಹಚ್ಚುವುದಿಲ್ಲ" ಎಂದಳು. ಐದು ಕೋರಿಕೆಗಳಲ್ಲಿ ಇದೇ ದೊಡ್ಡದೆಂದು ನನಗೆ ತಿಳಿದದ್ದು ಆಮೇಲೆ. ಐದು ಬಾಯಿಂದ ಐದೇ ಸ್ಥಳಗಳು ಬಂದರೆ ಎಂಟರ ಪಟ್ಟಿ ತಾನೇ ಕರಗುತ್ತದೆ. ಯಾರ ಆಸೆಯೂ ಬಿಟ್ಟುಹೋಗುವುದಿಲ್ಲ.

ಆಮೇಲೆ ಮಾಡಬೇಕಾದ ಕೆಲಸ ನಗರದ ನಕ್ಷೆಯನ್ನು ನೋಡುವುದು. ಮೈಸೂರಿನ ನಕ್ಷೆ ಪ್ರವಾಸಿಗೆ ಬಹಳ ಅನುಕೂಲವಾದದ್ದು. ಅರಮನೆ, ಜಗನ್ಮೋಹನ ಅರಮನೆ, ದೇವರಾಜ ಮಾರುಕಟ್ಟೆ, ಕೃಷ್ಣರಾಜ ವೃತ್ತ, ನಗರದ ಬಸ್ ನಿಲ್ದಾಣ, ಇವೆಲ್ಲವೂ ಒಂದನ್ನೊಂದು ನಡೆದು ಮುಟ್ಟಬಹುದಾದಷ್ಟು ಹತ್ತಿರದಲ್ಲಿವೆ. ಮೃಗಾಲಯ, ಕಾರಂಜಿ ಕೆರೆ, ಚಾಮುಂಡಿ ಬೆಟ್ಟ, ಇವು ಮೂರೂ ಅರಮನೆಯಿಂದ ಆಗ್ನೇಯದ ಕಡೆಗೆ ಇವೆ. ಕೃಷ್ಣರಾಜಸಾಗರವೂ ಬೃಂದಾವನವೂ ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ, ನಗರದಿಂದ ಸುಮಾರು ೨೦ ಕಿಲೋಮೀಟರು ದೂರದಲ್ಲಿವೆ. ಒಂದು ದಿನಕ್ಕೆ ಒಂದು ದಿಕ್ಕು ಎಂಬ ನಿಯಮವನ್ನು ಇಟ್ಟುಕೊಂಡರೆ ಮೊದಲ ದಿನ ಅರಮನೆಯ ಸುತ್ತು, ಎರಡನೆಯ ದಿನ ಬೆಟ್ಟದ ದಿಕ್ಕು. ಬೃಂದಾವನ ಈ ಸಲಕ್ಕೆ ಇಲ್ಲ. ಬಿಡುವುದಕ್ಕೆ ಮನಸ್ಸು ಬಾರದವರು, ನಗರವು ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆಂಬುದನ್ನು ನೆನೆದುಕೊಳ್ಳಬೇಕು.

ಯಾವ ವಾರ ಹೊರಡಬೇಕೆಂಬುದೂ ಖರ್ಚಿನ ಪ್ರಶ್ನೆಯೇ. ಶನಿವಾರ ಹೋಗಿ ಭಾನುವಾರ ಹಿಂದಿರುಗುವುದು ರೂಢಿ. ಸೋಮವಾರ ರಜೆಯಿರುವ ವಾರವನ್ನು ಹುಡುಕಿ, ಇಲ್ಲವೆ ಒಂದು ದಿನದ ರಜೆಯನ್ನು ಬರೆದುಕೊಟ್ಟು, ಭಾನುವಾರ ಹೋಗಿ ಸೋಮವಾರ ಹಿಂದಿರುಗುವುದು ಲೇಸೆಂದು ನನ್ನ ಅನುಭವ. ಅರಮನೆಯ ದೀಪಗಳನ್ನು ಭಾನುವಾರಗಳಲ್ಲಿಯೂ ಸಾರ್ವತ್ರಿಕ ರಜಾದಿನಗಳಲ್ಲಿಯೂ ಸಂಜೆ ಏಳು ಗಂಟೆಯ ಸುಮಾರಿಗೆ ಹೊತ್ತಿಸುತ್ತಾರೆ. ಅವನ್ನು ನೋಡಲು ದುಡ್ಡು ಕೊಡಬೇಕಾದುದಿಲ್ಲ. ಮೃಗಾಲಯಕ್ಕೆ ಮಂಗಳವಾರ ಬಿಡುವು. ಸೋಮವಾರ ತೆರೆದಿರುತ್ತದೆ, ಭಾನುವಾರದ ನೂಕುನುಗ್ಗಲೂ ಇರುವುದಿಲ್ಲ. ದಸರೆಯ ಹತ್ತು ದಿನಗಳ ವೈಭವ ನೋಡತಕ್ಕುದೇ. ಆದರೆ ಆ ದಿನಗಳಲ್ಲಿ ಕೋಣೆ ದೊರೆಯುವುದು ಕಷ್ಟ, ದೊರೆತರೆ ಬೆಲೆ ಹೆಚ್ಚು. ಮಿತವ್ಯಯದ ಪ್ರವಾಸಕ್ಕೆ ಅದು ಕಾಲವಲ್ಲ.

ಬೆಂಗಳೂರಿನಿಂದ ಮೈಸೂರಿಗೆ ಸುಮಾರು ೧೪೦ ಕಿಲೋಮೀಟರು. ೨೦೨೩ರ ಜೂನ್ ತಿಂಗಳಿನಲ್ಲಿ ಆರಂಭವಾದ ಶಕ್ತಿ ಯೋಜನೆಯಂತೆ ಕರ್ನಾಟಕದ ನಿವಾಸಿಗಳಾದ ಮಹಿಳೆಯರು, ವಿಳಾಸವಿರುವ ಗುರುತಿನ ಚೀಟಿಯನ್ನು ತೋರಿಸಿ, ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೀಟಿನ ಹಣವಿಲ್ಲದೆ ಪ್ರಯಾಣಮಾಡಬಹುದು. ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ರೈಲಿನಲ್ಲಿ ಐದು ವರ್ಷ ತುಂಬದ ಮಕ್ಕಳಿಗೆ, ಪ್ರತ್ಯೇಕ ಸ್ಥಳವನ್ನು ಕೇಳದಿದ್ದರೆ, ಟಿಕೀಟು ಬೇಡ. ಬಸ್ಸಿನಲ್ಲಿ ಹಣ ಉಳಿಯುತ್ತದೆ. ರೈಲಿನಲ್ಲಿ ಎದ್ದು ಓಡಾಡಬಹುದು, ಶೌಚದ ಅನುಕೂಲವಿದೆ, ವೃದ್ಧರಿಗೂ ಮಕ್ಕಳಿಗೂ ಅದು ದೊಡ್ಡ ಉಪಕಾರ. ನಾವು ಹೋಗುವಾಗ ಮೊದಲೇ ಸ್ಥಳ ಕಾದಿರಿಸಿ ರೈಲಿನಲ್ಲಿ ಹೋದೆವು. ಬರುವಾಗ ಹೊತ್ತಿಗೆ ಕಟ್ಟುಬೀಳದೆ ಬಸ್ಸನ್ನು ಹತ್ತಿದೆವು. ಪ್ರವಾಸದ ಕೊನೆಯಲ್ಲಿ ರೈಲಿನ ವೇಳೆಗಾಗಿ ಓಡುವ ಸಂಸಾರ ಆಟೋದವನಿಗೆ ಕೇಳಿದಷ್ಟು ಕೊಡುತ್ತದೆ.

ಇಳಿದುಕೊಳ್ಳುವ ವಸತಿಗೃಹದ ವಿಷಯದಲ್ಲಿ ನಾವು ಸಾಮಾನ್ಯವಾಗಿ ಬಾಡಿಗೆಯನ್ನೊಂದನ್ನೇ ಹೋಲಿಸಿ ನೋಡುತ್ತೇವೆ. ಊರಾಚೆಯ ಕೋಣೆಗೆ ಬಾಡಿಗೆ ಕಡಮೆಯಿರಬಹುದು. ಆದರೆ ಅಲ್ಲಿಂದ ದಿನಕ್ಕೆ ನಾಲ್ಕು ಸಲ ಓಡಾಡುವ ವಾಹನದ ಖರ್ಚನ್ನು ಅದಕ್ಕೆ ಕೂಡಿಸಬೇಕು. ಅದಕ್ಕಿಂತ ಮುಖ್ಯವಾದುದು, ಮಧ್ಯಾಹ್ನ ಒಂದು ಗಂಟೆಗೆ ಹಿಂದಿರುಗಿ ಮಲಗಲು ಆ ದೂರದ ಕೋಣೆ ಪ್ರಯೋಜನಕ್ಕೆ ಬಾರದು. ಅರಮನೆಗೂ ಬಸ್ ನಿಲ್ದಾಣಕ್ಕೂ ಹತ್ತಿರವಾದ ಸಾದಾ ಕೋಣೆ, ಮೇಲುಮಹಡಿಯಾದರೆ ಲಿಫ್ಟು, ಬೆಳಿಗ್ಗೆ ಬಿಸಿನೀರು, ಇಷ್ಟಿದ್ದರೆ ಸಾಕು. ಹಣ ಕೊಡುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಬೇಕು: ಕೋಣೆಯ ಲೆಕ್ಕ ೨೪ ಗಂಟೆಗೋ, ಮಧ್ಯಾಹ್ನದಿಂದ ಮಧ್ಯಾಹ್ನಕ್ಕೋ? ಕೋಣೆ ಬಿಟ್ಟ ಮೇಲೆ ಸಂಜೆಯವರೆಗೆ ಸಾಮಾನನ್ನು ಇಟ್ಟುಕೊಳ್ಳುವರೋ? ಈ ಎರಡಕ್ಕೂ ಉತ್ತರ ತಿಳಿಯದೆ ಎರಡನೆಯ ದಿನವಿಡೀ ಪೆಟ್ಟಿಗೆಗಳನ್ನು ಹೊತ್ತು ತಿರುಗಿದ ಸಂಸಾರಗಳನ್ನು ನಾನು ಕಂಡಿದ್ದೇನೆ.

ಇನ್ನು ದಿನಚರಿ. ಭಾನುವಾರ ಬೆಳಿಗ್ಗೆ ಹತ್ತುಹನ್ನೊಂದರ ಹೊತ್ತಿಗೆ ಕೋಣೆ ಸೇರಿದೆವು. ತಾಯಿಯವರೂ ಹೆಂಡತಿಯೂ ವಿಶ್ರಮಿಸಿಕೊಂಡರು. ನಾನು ಮಗಳನ್ನು ಕರೆದುಕೊಂಡು ಜಗನ್ಮೋಹನ ಅರಮನೆಗೆ ಹೋದೆನು. ಸಂಸಾರಸಮೇತ ಪ್ರವಾಸವೆಂದರೆ ಸದಾ ಐವರೂ ಒಟ್ಟಿಗೆ ತಿರುಗಬೇಕೆಂದೇನೂ ಇಲ್ಲ. ಚಿತ್ರಗಳಲ್ಲಿ ಆಸಕ್ತಿಯಿಲ್ಲದವರಿಗೆ ಟಿಕೀಟು ಕೊಂಡು ಅವರ ಕಾಲನ್ನು ನೋಯಿಸುವುದು ಎರಡು ಬಗೆಯ ನಷ್ಟ. ೧೮೬೧ರಲ್ಲಿ ಕಟ್ಟಿದ ಈ ಅರಮನೆಯಲ್ಲಿ ೧೯೧೫ರಿಂದ ಚಿತ್ರಶಾಲೆಯಿದೆ. ರವಿವರ್ಮನ ಚಿತ್ರಗಳಿಗಾಗಿ ಜನ ಹೋಗುತ್ತಾರೆ. ಆದರೆ ಅಂಗೈಯಿಂದ ದೀಪವನ್ನು ಮರೆಮಾಡಿ ನಿಂತಿರುವ ಹೆಣ್ಣಿನ ಚಿತ್ರದ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ. ಅದನ್ನೂ ರವಿವರ್ಮನದೆಂದು ಹೇಳುವವರುಂಟು, ಬರೆದವರು ಎಸ್. ಎಲ್. ಹಳದಣಕರ್. ಮಗಳು ಆ ದೀಪ ನಿಜವಾಗಿ ಉರಿಯುತ್ತಿದೆಯೆ ಎಂದು ಕೇಳಿದಳು. ಒಂದು ಚಿತ್ರವನ್ನು ಕಾಲು ಗಂಟೆ ನೋಡಿದ ಮಗು ನೂರು ಚಿತ್ರಗಳ ಮುಂದೆ ಓಡಿದ ಮಗುವಿಗಿಂತ ಹೆಚ್ಚು ನೋಡಿದಂತಾಯಿತು.

ಮಧ್ಯಾಹ್ನದ ಊಟವಾದ ಮೇಲೆ ಎರಡು ಗಂಟೆಗಳ ನಿದ್ದೆ. ಪ್ರವಾಸದಲ್ಲಿ ಮಲಗಿ ಹೊತ್ತು ಕಳೆಯುವುದೇ ಎಂದು ಆಕ್ಷೇಪಿಸುವವರಿಗೆ ನನ್ನ ಉತ್ತರವೆಂದರೆ, ಆ ಎರಡು ಗಂಟೆಗಳೇ ಸಂಜೆಯನ್ನು ಕೊಂಡುಕೊಡುತ್ತವೆ. ಮೂರೂವರೆಗೆ ಅರಮನೆಯೊಳಕ್ಕೆ ಹೋದೆವು. ಹಳೆಯ ಮರದ ಅರಮನೆ ೧೮೯೭ರಲ್ಲಿ, ರಾಜಕುಮಾರಿಯ ಮದುವೆಯ ಕಾಲದಲ್ಲಿ, ಬೆಂಕಿಗೆ ಆಹುತಿಯಾಯಿತು. ಈಗಿನದು ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ಯೋಜನೆಯಂತೆ ೧೯೧೨ರಲ್ಲಿ ಪೂರ್ಣವಾಯಿತು. ಕಲ್ಯಾಣಮಂಟಪದ ಮೇಲ್ಛಾವಣಿಯಲ್ಲಿ ನವಿಲುಗಳಿರುವ ಬಣ್ಣದ ಗಾಜು ಗ್ಲಾಸ್ಗೋ ನಗರದಿಂದ ಬಂದದ್ದು. ಒಳಗೆ ಪಾದರಕ್ಷೆಗಳನ್ನು ಬಿಟ್ಟು ನಡೆಯಬೇಕಾದುದರಿಂದ ಮಂಡಿನೋವಿನವರು ನಿಧಾನವಾಗಿ ಹೋಗಬೇಕು. ನಾವು ಐದೂವರೆಗೆ ಹೊರಬಂದು, ಹತ್ತಿರದಲ್ಲಿಯೇ ಕಾಫಿ ಕುಡಿದು, ಮತ್ತೆ ಅಂಗಳಕ್ಕೆ ಬಂದು ಕುಳಿತೆವು. ಅದೇ ಸ್ಥಳದಲ್ಲಿ ಸಂಜೆಯೂ ಕಳೆದುದರಿಂದ ವಾಹನದ ಖರ್ಚು ಒಂದು ಕಾಸೂ ಆಗಲಿಲ್ಲ.

ಸೋಮವಾರ ನಸುಕಿನಲ್ಲಿ ನಗರದ ಬಸ್ಸಿನಿಂದ ಬೆಟ್ಟಕ್ಕೆ. ಗಟ್ಟಿಮುಟ್ಟಾದವರಿಗೆ ಸುಮಾರು ಸಾವಿರ ಮೆಟ್ಟಿಲುಗಳ ದಾರಿಯುಂಟು; ೧೭ನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಒಂದೇ ಬಂಡೆಯಲ್ಲಿ ಕಡೆಸಿದ ನಂದಿ ಸುಮಾರು ಏಳುನೂರನೆಯ ಮೆಟ್ಟಿಲಿನ ಬಳಿ ಸಿಕ್ಕುತ್ತದೆ. ನಮ್ಮ ಸಂಸಾರಕ್ಕೆ ಬಸ್ಸೇ ಸರಿ. ದರ್ಶನ ಮುಗಿಸಿ, ತಿಂಡಿ ತಿಂದು, ಮೃಗಾಲಯಕ್ಕೆ ಹೋದೆವು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ೧೮೯೨ರಲ್ಲಿ, ಆರಂಭವಾದ ಈ ಮೃಗಾಲಯದಲ್ಲಿ ನಡಿಗೆ ಬಹಳ, ನೆರಳೂ ಬಹಳ. ತಾಯಿಯವರು ಒಳಹೊಕ್ಕ ಸ್ವಲ್ಪ ದೂರದಲ್ಲಿಯೇ ಮರದಡಿಯ ಬೆಂಚಿನ ಮೇಲೆ ಕುಳಿತರು. ಹೆಂಡತಿಯೂ ನಾನೂ ಸರದಿಯಂತೆ ಮಕ್ಕಳೊಡನೆ ತಿರುಗಿದೆವು. ಪಕ್ಕದಲ್ಲಿಯೇ ಇರುವ ಕಾರಂಜಿ ಕೆರೆಯನ್ನೂ ನೋಡಿಬಿಡೋಣವೆಂಬ ಚಪಲ ಬಂದರೂ ಅದನ್ನು ತಡೆದೆವು.

ಈಗ ಊಟದ ಮಾತು. ಹೋಟಲಿನಲ್ಲಿ ತಿನ್ನುವುದು ದುಂದು, ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗುವುದು ಮಿತವ್ಯಯ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಬುತ್ತಿಯಿಂದ ಹಣ ಉಳಿಯುವುದು ನಿಜ. ಆದರೆ ಆ ಉಳಿತಾಯವನ್ನು ಯಾರು ತೆರುತ್ತಾರೆ? ಬೆಳಗಿನ ಜಾವ ಮೂರು ಗಂಟೆಗೆ ಏಳುವವಳು ತೆರುತ್ತಾಳೆ. ಗೃಹಿಣಿಯ ಶ್ರಮಕ್ಕೆ ಲೆಕ್ಕದ ಪುಸ್ತಕದಲ್ಲಿ ಕಲಮು ಇಲ್ಲದಿರುವುದರಿಂದ ಅದು ಬಿಟ್ಟಿಯೆಂದು ನಾವು ಎಣಿಸುತ್ತೇವೆ. ದಿನವೂ ಮನೆಯಲ್ಲಿ ಮಾಡುವ ಅಡಿಗೆಯನ್ನು ಮೈಸೂರಿನಲ್ಲಿ ಕುಳಿತು ತಿನ್ನುವುದಾದರೆ ಆಕೆಯ ಪಾಲಿಗೆ ಪ್ರವಾಸವೆಲ್ಲಿ ನಡೆಯಿತು? ಹಣ್ಣು, ಚಕ್ಕುಲಿ, ನೀರು, ಇಷ್ಟು ಚೀಲದಲ್ಲಿರಲಿ. ಊಟ ಹೋಟಲಿನದೇ ಆಗಲಿ.

ಅಲ್ಲಿಯೂ ವಿವೇಕಕ್ಕೆ ಅವಕಾಶವಿದೆ. ಹಸಿವು ಬರುವುದಕ್ಕಿಂತ ಅರ್ಧ ಗಂಟೆ ಮೊದಲೇ ಊಟಕ್ಕೆ ಹೋಗಬೇಕು. ಹನ್ನೆರಡೂವರೆಗೆ ಹೋದರೆ ಕುಳಿತುಕೊಳ್ಳಲು ಸ್ಥಳವೂ ಬಿಸಿಯಾದ ಅನ್ನವೂ ಸಿಕ್ಕುತ್ತದೆ, ಎರಡು ಗಂಟೆಗೆ ಹೋದರೆ ಕಾಯುವ ಮಕ್ಕಳ ಅಳು ಸಿಕ್ಕುತ್ತದೆ. ನಿಂತು ತಿನ್ನುವ ಹೋಟಲುಗಳು ಅಗ್ಗ. ವೃದ್ಧರಿದ್ದಾಗ ಕೂಡುವ ಸ್ಥಳವೇ ಬೇಕು. ಅನೇಕ ಹೋಟಲುಗಳಲ್ಲಿ ತಂಪುಗಾಳಿಯ ಕೋಣೆಯಲ್ಲಿ ಅದೇ ದೋಸೆಗೆ ಹೆಚ್ಚಿನ ಬೆಲೆಯಿರುತ್ತದೆ. ಒಳಹೊಕ್ಕುವ ಮೊದಲೇ ದರದ ಹಲಗೆಯನ್ನು ನೋಡಬೇಕು. ಸಣ್ಣ ಮಕ್ಕಳಿಗೆ ಪೂರ್ತಿ ಊಟ ಕೊಳ್ಳುವ ಬದಲು ಇಡ್ಲಿಯನ್ನೋ ಮೊಸರನ್ನವನ್ನೋ ತರಿಸಬಹುದು. ದಿನಕ್ಕೊಂದು ಸಲ ಆ ಊರಿಗೆ ವಿಶೇಷವಾದುದನ್ನು ತಿನ್ನಬೇಕು. ಬೆಟ್ಟದಿಂದ ಇಳಿದು ಬರುವಾಗ ನಜರ್‌ಬಾದಿನಲ್ಲಿ ಮೈಲಾರಿ ದೋಸೆ ದೊರೆಯುತ್ತದೆ. ಹತ್ತಿಯಂತೆ ಮೆತ್ತಗಿರುವ ಆ ದೋಸೆಗೆ ಹಲ್ಲಿಲ್ಲದವರೂ ಹೆದರಬೇಕಾದುದಿಲ್ಲ. ಮೈಸೂರುಪಾಕನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಪಾಕಶಾಲೆಯಲ್ಲಿ ಕಾಕಾಸುರ ಮಾದಪ್ಪನೆಂಬಾತ ಮೊದಲು ಮಾಡಿದನೆಂದು ಹೇಳುತ್ತಾರೆ. ದೇವರಾಜ ಮಾರುಕಟ್ಟೆಯ ಬಳಿ, ಸಯ್ಯಾಜಿರಾವ್ ರಸ್ತೆಯಲ್ಲಿ, ಕಾಲು ಕಿಲೋ ಕೊಂಡರೆ ಐವರಿಗೂ ಸಾಕು.

ಲೆಕ್ಕವನ್ನು ಕೇಳುವವರಿಗಾಗಿ ಒಂದು ಮಾದರಿಯನ್ನು ಹೇಳುತ್ತೇನೆ. ಎರಡು ದಿನಕ್ಕೆ ೧೦,೦೦೦ ರೂಪಾಯಿಗಳನ್ನು ತೆಗೆದಿಟ್ಟಿರುವಿರೆಂದು ಭಾವಿಸೋಣ. ವಸತಿಗೆ ೩,೦೦೦; ಊಟತಿಂಡಿಗಳಿಗೆ ೨,೭೦೦; ಎಲ್ಲ ಬಗೆಯ ಪ್ರಯಾಣಕ್ಕೆ ೧,೫೦೦; ಪ್ರವೇಶದ ಟಿಕೀಟುಗಳಿಗೆ ೧,೦೦೦; ಮಕ್ಕಳಿಗೂ ಮನೆಗೂ ಕೊಳ್ಳುವ ವಸ್ತುಗಳಿಗೆ ೮೦೦. ಉಳಿದ ೧,೦೦೦ ರೂಪಾಯಿಗಳನ್ನು ಬೇರೆ ಲಕೋಟೆಯಲ್ಲಿಟ್ಟು, ಅದರ ಮೇಲೆ "ದಣಿವು" ಎಂದು ಬರೆಯಬೇಕು. ತಾಯಿಗೆ ಬಸ್ ನಿಲ್ದಾಣದವರೆಗೆ ನಡೆಯಲಾಗದಿದ್ದರೆ ಆಟೋ ಆ ಲಕೋಟೆಯಿಂದ. ಮಗುವಿಗೆ ಜ್ವರ ಬಂದರೆ ಔಷಧ ಆ ಲಕೋಟೆಯಿಂದ. ದರಗಳು ಏರುತ್ತವೆ, ಮೊತ್ತ ಬದಲಾಗುತ್ತದೆ. ಆದರೆ ಹತ್ತನೆಯ ಒಂದು ಪಾಲು ದಣಿವಿಗೆಂಬ ಪ್ರಮಾಣವನ್ನು ಬಿಡಬಾರದು. ಈ ಹಣವನ್ನು ಮೊದಲೇ ಖರ್ಚಾದುದೆಂದು ಎಣಿಸಿಕೊಂಡರೆ, ಆಟೋ ಹತ್ತುವಾಗ ಯಜಮಾನನ ಮುಖ ಗಂಟಿಕ್ಕುವುದಿಲ್ಲ; ಆ ಮುಖವನ್ನು ನೋಡಿ "ನಡೆದೇ ಬರುತ್ತೇನೆ" ಎಂದು ವೃದ್ಧರು ಹೇಳಬೇಕಾಗುವುದಿಲ್ಲ.

ನಗರವೊಂದರಲ್ಲಿ ದುಡ್ಡಿಲ್ಲದೆ ದೊರೆಯುವುದೂ ಕಡಮೆಯಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆಯ ರಾಶಿ, ವೀಳೆಯದೆಲೆಯ ಕಟ್ಟು, ನಂಜನಗೂಡಿನ ರಸಬಾಳೆ, ಕುಂಕುಮದ ಬಣ್ಣಬಣ್ಣದ ಗುಡ್ಡೆಗಳು, ಇವನ್ನು ನೋಡಲು ಟಿಕೀಟಿಲ್ಲ. ೧೮೯೧ರಲ್ಲಿ ಸ್ಥಾಪಿತವಾದ ಪ್ರಾಚ್ಯವಿದ್ಯಾ ಸಂಶೋಧನಾಲಯದ ಕಟ್ಟಡದ ಮುಂದೆ ಹಾದುಹೋಗುವಾಗ ನಾನು ಮಕ್ಕಳನ್ನು ನಿಲ್ಲಿಸಿದೆನು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿಯನ್ನು ೧೯೦೫ರಲ್ಲಿ ಗುರುತಿಸಿ ೧೯೦೯ರಲ್ಲಿ ಮುದ್ರಿಸಿದ ಆರ್. ಶಾಮಶಾಸ್ತ್ರಿಗಳು ಈ ಸಂಸ್ಥೆಯಲ್ಲಿದ್ದವರು. ರಾಜ್ಯದ ಬೊಕ್ಕಸದ ವಿಚಾರವನ್ನು ಲೋಕಕ್ಕೆ ಮರಳಿ ಕೊಟ್ಟ ಊರಿನಲ್ಲಿ ಮನೆಯ ಬೊಕ್ಕಸದ ವಿಚಾರವನ್ನು ನಾನು ಕಲಿತದ್ದು ಉಚಿತವೇ ಆಯಿತು.

ಭಾನುವಾರದ ಸಂಜೆಯ ಮಾತನ್ನು ಹೇಳಿ ಮುಗಿಸುತ್ತೇನೆ. ಅರಮನೆಯ ಅಂಗಳದಲ್ಲಿ ತಾಯಿಯವರು ಜಮಖಾನದ ಮೇಲೆ ಕಾಲು ಚಾಚಿ ಕುಳಿತಿದ್ದರು. ಕತ್ತಲಾಗುತ್ತ ಬಂದಿತು. ಏಳು ಗಂಟೆಗೆ ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಗೇ ಹೊತ್ತಿಕೊಂಡವು. ಗೋಪುರ, ಕಮಾನು, ಬಾಗಿಲು ಎಲ್ಲವೂ ಬೆಳಕಿನ ಗೆರೆಗಳಾದವು. ಮಕ್ಕಳು ಕೂಗಿದರು. ತಾಯಿಯವರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸೊಸೆಯ ಕಡೆಗೆ ತಿರುಗಿ, "ನೀನೂ ಕೂತು ನೋಡಿದೆಯಲ್ಲ, ತಾಯಿ" ಎಂದರು. ಮೊದಲ ಸಲದ ಪ್ರವಾಸದಲ್ಲಿ ಈ ಇಬ್ಬರೂ ಏನನ್ನೂ ಕೂತು ನೋಡಿರಲಿಲ್ಲವೆಂಬುದು ಆಗ ನನಗೆ ಹೊಳೆಯಿತು.

ಅದಾದ ಮರುವರ್ಷದಿಂದ ಅವರಿಗೆ ಮನೆಯ ಮೆಟ್ಟಿಲನ್ನು ಇಳಿಯುವುದೇ ಕಷ್ಟವಾಯಿತು. ಮತ್ತೆ ಅವರನ್ನು ಎಲ್ಲಿಗೂ ಕರೆದೊಯ್ಯುವುದು ಆಗಲಿಲ್ಲ. ಮನೆಯಲ್ಲಿ ವೃದ್ಧರಿರುವವರು, ಸಣ್ಣ ಮಕ್ಕಳಿರುವವರು, ಹಣ ಒದಗಿದಾಗ ಹೋಗೋಣವೆಂದು ವರ್ಷದಿಂದ ವರ್ಷಕ್ಕೆ ಮುಂದೂಡುವುದುಂಟು. ಹಣವನ್ನು ಮುಂದೆ ಕೂಡಿಸಬಹುದು, ಕಾಲಿನ ಶಕ್ತಿಯನ್ನು ಕೂಡಿಸಿಡಲಾಗುವುದಿಲ್ಲ. ಎರಡು ದಿನ, ಒಂದು ನಗರ, ಐದು ಆಸೆಗಳು, ಒಂದು ಲಕೋಟೆ, ಇಷ್ಟು ಸಿದ್ಧವಾದರೆ ಹೊರಡಬಹುದು.